ಕ್ಷೌರಕತ್ತಿಯನ್ನು ಪಟ್ಟಿಗೆ ಹಿಡಿಯುವುದನ್ನು ಕಲಿಸಿ

ಮಾನ್ಯರೇ,

ಮಡಚುವ ಹಳೆಯ ಕ್ಷೌರಕತ್ತಿಯನ್ನು ಮನೆಯಲ್ಲೇ ಬಳಸಲು ಹೊರಟ ಕೆಲವು ಪರಿಚಿತ ಯುವಕರು, ಸಿನಿಮಾದಲ್ಲಿ ಕಂಡಂತೆ, ಅದನ್ನು ಚರ್ಮದ ಪಟ್ಟಿಯ ಮೇಲೆ ಸರಸರನೆ ಬೀಸುತ್ತಾರೆ. ಇಲ್ಲಿ ವೇಗದಿಂದ ಏನೂ ಆಗದು. ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು, ಕತ್ತಿಯ ಬೆನ್ನು ಮತ್ತು ಅಂಚು ಎರಡೂ ಚರ್ಮಕ್ಕೆ ತಾಗಿರುವಂತೆ ಮಲಗಿಸಿ, ಬೆನ್ನು ಮುಂದೆ, ಅಂಚು ಹಿಂದೆ ಬರುವ ಹಾಗೆ ಒತ್ತಡವಿಲ್ಲದೆ ಸಾಗಿಸಬೇಕು. ತುದಿ ತಲುಪಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ಮರಳಿ ತರಬೇಕು. ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿ ಕೊಯ್ದುಹೋಗುತ್ತದೆ. ಪಟ್ಟಿ ಜೋತುಬಿದ್ದರೆ ಅಥವಾ ಬೆನ್ನು ಮೇಲೆದ್ದರೆ ಅಂಚು ದುಂಡಗಾಗುತ್ತದೆ. ಸಾಣೆಕಲ್ಲು ಉಕ್ಕನ್ನು ಸವೆಸಿ ಹರಿತ ಕೊಡುತ್ತದೆ, ಪಟ್ಟಿಯಾದರೋ ಬಾಗಿದ ಸೂಕ್ಷ್ಮ ಅಂಚನ್ನು ನೇರಗೊಳಿಸಿ ನಯಗೊಳಿಸುತ್ತದೆ, ಅಷ್ಟೆ. ಆದ್ದರಿಂದ ಪೂರ್ತಿ ಮೊಂಡಾದ ಕತ್ತಿಗೆ ಪಟ್ಟಿಯಿಂದ ಫಲವಿಲ್ಲ.

ಅಂಗಡಿಗಳಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡ್ ಹಾಕುವುದು ರಕ್ತದಿಂದ ಹರಡುವ ಸೋಂಕು ತಡೆಯಲು ಅಗತ್ಯವೇ. ಅದನ್ನು ಕೈಬಿಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಈ ಕೈಚಳಕ ಬಲ್ಲ ಹಿರಿಯ ಕ್ಷೌರಿಕರು ಮೈಸೂರು, ಮಂಡ್ಯಗಳಲ್ಲಿ ಇನ್ನೂ ಇದ್ದಾರೆ. ಕೌಶಲ ತರಬೇತಿ ಕೇಂದ್ರಗಳು ಅವರನ್ನು ಗೌರವಧನ ಕೊಟ್ಟು ಕರೆಸಿ, ಆಸಕ್ತರಿಗೆ ಮೊದಲು ಮೊಂಡು ಕತ್ತಿಯಲ್ಲೇ ಅಭ್ಯಾಸ ಮಾಡಿಸಬೇಕೆಂದು ಕೋರುತ್ತೇನೆ.

– ಓದುಗ, ಸರಸ್ವತಿಪುರಂ, ಮೈಸೂರು