ಕಡಲತೀರಕ್ಕೆ ಬೇಲಿ ಹಾಕುವ ಅಧಿಕಾರ ಯಾವ ರೆಸಾರ್ಟಿಗೂ ಇಲ್ಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರವಾದಂತೆಲ್ಲ ಪತ್ರಿಕೆಗಳ ಪ್ರವಾಸ ಪುರವಣಿಗಳಲ್ಲಿ, ಮೊಬೈಲಿನ ಪರದೆಯ ಮೇಲೆ, ಈಗೀಗ ನಮ್ಮ ಶಿವಮೊಗ್ಗದ ರಸ್ತೆಬದಿಯ ಫ್ಲೆಕ್ಸ್‌ಗಳಲ್ಲಿಯೂ ಕರಾವಳಿಯ ಐಷಾರಾಮಿ ಸ್ಪಾ ರೆಸಾರ್ಟ್‌ಗಳ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ಈಜುಕೊಳ, ಆಯುರ್ವೇದ ಮಸಾಜು, ಕಡಲಿಗೆ ಮುಖ ಮಾಡಿದ ಕಾಟೇಜುಗಳ ಸಾಲಿನಲ್ಲಿಯೇ ‘ಅತಿಥಿಗಳಿಗೆ ಮಾತ್ರ ಮೀಸಲಾದ ಖಾಸಗಿ ಬೀಚ್’ ಎಂಬುದನ್ನೂ ಒಂದು ಸೌಲಭ್ಯವೆಂದು ಅಚ್ಚು ಹಾಕಿಸುತ್ತಾರೆ. ಅಂಥದ್ದೊಂದು ರೆಸಾರ್ಟ್‌ನಲ್ಲಿ ಹಣ ಕೊಟ್ಟು ಉಳಿದು ಬಂದವನಾಗಿ ನಾನು ಹೇಳಬೇಕಾಗಿರುವುದು ಇಷ್ಟೇ: ಉಳಿದೆಲ್ಲವನ್ನೂ ಅವರು ಮಾರಿಕೊಳ್ಳಲಿ, ಕಡಲತೀರವನ್ನು ಮಾತ್ರ ಮಾರುವಂತಿಲ್ಲ, ಏಕೆಂದರೆ ಅದು ಅವರದಲ್ಲ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ಐಷಾರಾಮದ ಬಗ್ಗೆ ನನಗೆ ಸಿಟ್ಟಿಲ್ಲ. ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು ಎಂದು ಚಳಿಗಾಲವಿಡೀ ಬೆನ್ನು ಬಗ್ಗಿಸಿದ ನನಗೂ ನನ್ನ ಹೆಂಡತಿಗೂ ಬೆಂಗಳೂರಿನಲ್ಲಿರುವ ಮಗಳು ಕುಂದಾಪುರ ಸೀಮೆಯ ಒಂದು ರೆಸಾರ್ಟ್‌ನಲ್ಲಿ ಕೋಣೆ ಕಾಯ್ದಿರಿಸಿದ್ದಳು. ಹುಲಿಕಲ್ ಘಾಟಿ ಇಳಿದು ಹೊಸಂಗಡಿ, ಸಿದ್ದಾಪುರದ ಮೇಲೆ ಹೋದೆವು. ದಿನದ ಬಾಡಿಗೆ 7,500 ರೂಪಾಯಿ ದಾಟಿದ ಕೋಣೆಯಾದ್ದರಿಂದ ಶೇ 18ರ ಜಿಎಸ್‌ಟಿಯೂ ಸೇರಿ ಬಿಲ್ಲು ಭಾರವಾಗಿಯೇ ಇತ್ತು. ಆದರೆ ಕೊಟ್ಟ ಹಣಕ್ಕೆ ಸುಖವೂ ಸಿಕ್ಕಿತು ಎಂಬುದನ್ನು ಮುಚ್ಚಿಡಲಾರೆ. ಅಲ್ಲಿನ ಅಭ್ಯಂಗ ನಾಟಕವಾಗಿರಲಿಲ್ಲ. ಎಣ್ಣೆಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಹದವಾಗಿ ಕಾಯಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಇಬ್ಬರು ಒಂದೇ ಲಯದಲ್ಲಿ ತಿಕ್ಕಿ, ಆಮೇಲೆ ತಲೆ ಮಾತ್ರ ಹೊರಗಿರುವ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಗಿಡಮೂಲಿಕೆಯ ಆವಿ ಕೊಟ್ಟರು. ದೀಪಾವಳಿಯ ಬೂರೆ ಹಬ್ಬದ ಮರುದಿನ ಬಚ್ಚಲೊಲೆಯ ಹಂಡೆ ಖಾಲಿಯಾಗುವವರೆಗೆ ಮಿಂದು ಹೊರಬಂದಾಗ ಮೈ ಎಷ್ಟು ಹಗುರವಾಗುತ್ತದೆಯೋ ಅಷ್ಟೇ ಹಗುರವಾಯಿತು. ನನ್ನ ಹೆಂಡತಿಯ ಮೊಣಕಾಲು ನೋವಿಗೂ ಆ ದಿನಗಳ ಮಟ್ಟಿಗೆ ಉಪಶಮನ ಸಿಕ್ಕಿತು. ಕೆಲಸದವರಲ್ಲಿ ಸುತ್ತಲಿನ ಊರಿನವರು ಬಹಳ ಮಂದಿ ಇದ್ದರು. ಘಟ್ಟದ ಕೆಳಗೂ ಮೇಲೂ ಹುಡುಗರು ಬೆಂಗಳೂರಿನ ಬಸ್ಸು ಹತ್ತುವುದೊಂದೇ ದಾರಿ ಎಂದಾಗಿರುವ ಈ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ತಕರಾರು ಇರುವುದು ಕಾಂಪೌಂಡಿನ ಆಚೆಗಿನ ಮರಳಿನ ಬಗ್ಗೆ. ರೆಸಾರ್ಟಿನ ಹಿಂದಿನ ಗೇಟಿನಿಂದ ಕಡಲಿನ ಕಡೆಗೆ ನೀಲಿ ಹಗ್ಗ ಕಟ್ಟಿದ ಗೂಟಗಳ ಎರಡು ಸಾಲುಗಳನ್ನು ಅಲೆ ಬಂದು ತಾಗುವಲ್ಲಿಯವರೆಗೂ ನೆಟ್ಟಿದ್ದರು. ಒಂದು ಬೆಳಿಗ್ಗೆ ಆ ಸಾಲುಗಳ ಎರಡೂ ಬದಿಯಲ್ಲಿ ಮೀನುಗಾರರು ಕೈರಂಪಣಿ ಎಳೆಯುತ್ತಿದ್ದರು. ಇದನ್ನು ನೋಡದ ಮಲೆನಾಡಿಗರಿಗಾಗಿ ಹೇಳುವುದಾದರೆ, ಬಲೆಯ ಒಂದು ತುದಿಯ ಹಗ್ಗವನ್ನು ದಡದಲ್ಲಿ ಬಿಟ್ಟು, ದೋಣಿಯಲ್ಲಿ ಕಡಲಿಗೆ ಹೋಗಿ ಬಿಲ್ಲಿನಂತೆ ಬಲೆ ಬಿಡುತ್ತಾ ಬಂದು, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತಾರೆ. ಆಮೇಲೆ ಎರಡು ಗುಂಪುಗಳು ಹಗ್ಗ ಜಗ್ಗುತ್ತಾ ಒಂದರ ಕಡೆಗೆ ಇನ್ನೊಂದು ಸರಿಯುತ್ತವೆ. ಮರಳಿನ ಮೇಲೆ ಅಡ್ಡಡ್ಡವಾಗಿ ನಡೆಯಲು ಜಾಗವಿಲ್ಲದಿದ್ದರೆ ಈ ಕಸುಬೇ ನಡೆಯುವುದಿಲ್ಲ. ಎಡಗಡೆಯ ಗುಂಪು ಗೂಟದ ಸಾಲಿನ ಹತ್ತಿರ ಬಂದಾಗ ಸೆಕ್ಯುರಿಟಿಯವನು ಸೀಟಿ ಊದಿ, ಆಚೆ ಹೋಗಿ ಎಳೆಯಿರಿ ಎಂದು ಕೈ ಬೀಸಿದ. ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ ಹಿರಿಯರೊಬ್ಬರು ಹಿಡಿತ ಸಡಿಲಿಸದೆಯೇ “ಹ್ವಾಯ್, ಬಲಿ ನೀರಂಗಿತ್ತ್, ಬಿಟ್ಟಿಕ್ ಎಲ್ಲಿಗ್ ಹೋಪ್ದ್?” ಎಂದು ಕೇಳಿದರು. ಅದಕ್ಕೆ ಅವನ ಬಳಿ ಉತ್ತರವಿರಲಿಲ್ಲ, ಸೀಟಿ ಮಾತ್ರ ಇತ್ತು. ಕೊನೆಗೆ ಅವರು ಬಲೆಯನ್ನು ಓರೆಯಾಗಿ ಎಳೆದು, ಅರ್ಧ ಮೀನು ಕಳೆದುಕೊಂಡು, ಉಳಿದದ್ದನ್ನು ಬುಟ್ಟಿಗೆ ತುಂಬಿಕೊಂಡು ಹೋದರು.

ನಾನು ಮ್ಯಾನೇಜರನ್ನು ಕೇಳಿದೆ. ಸೌಜನ್ಯದ ಮನುಷ್ಯ, ದನಿ ಏರಿಸಲಿಲ್ಲ. “ಸರ್, ನಿಮ್ಮ ಪ್ಯಾಕೇಜಿನಲ್ಲಿಯೇ ಪ್ರೈವೇಟ್ ಬೀಚ್ ಸೇರಿದೆ, ನಿಮಗೆ ಡಿಸ್ಟರ್ಬ್ ಆಗಬಾರದೆಂದೇ ಹೀಗೆ ಮಾಡುವುದು” ಎಂದರು. ಈ ಪತ್ರ ಬರೆಯಲು ಆ ಉತ್ತರವೇ ಕಾರಣ. ಮೀನುಗಾರರನ್ನು ಅಟ್ಟಿದ್ದು ನನ್ನ ಹೆಸರಿನಲ್ಲಿ, ನನ್ನ ಮಗಳು ಕೊಟ್ಟ ಹಣದ ನೆಪದಲ್ಲಿ. ಹಾಗಿರುವಾಗ ‘ಇದು ಅಲ್ಲಿನವರ ಜಗಳ, ನಮಗೇಕೆ’ ಎಂದು ಅತಿಥಿಗಳು ಕೈತೊಳೆದುಕೊಳ್ಳಲಾಗದು.

ಕಾನೂನು ಈ ವಿಷಯದಲ್ಲಿ ಗೊಂದಲಕ್ಕೆ ಎಡೆ ಇಟ್ಟಿಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣದ ಪ್ರಕಾರ ಉಬ್ಬರದ ಗೆರೆಯಿಂದ ಕೆಳಗಿನ ಕಡಲ ಪಾತ್ರ, ನದಿ, ಹಳ್ಳ, ಕೆರೆಗಳ ಪಾತ್ರ, ಸಾರ್ವಜನಿಕ ದಾರಿ ಮತ್ತು ಕಾಲುದಾರಿಗಳೆಲ್ಲವೂ ರಾಜ್ಯ ಸರ್ಕಾರದ ಸ್ವತ್ತು. ಉಬ್ಬರ ಬಂದು ಒದ್ದೆ ಮಾಡಿ ಹೋಗುವ ಆ ಮರಳಿಗೆ ಯಾವ ರೆಸಾರ್ಟಿನ ಹೆಸರಿನಲ್ಲಿಯೂ ಪಹಣಿ ಇರುವುದಿಲ್ಲ, ಕಂದಾಯ ಕಟ್ಟಿದ ರಸೀದಿಯೂ ಇರುವುದಿಲ್ಲ. ಇನ್ನು ಆ ಗೆರೆಯಿಂದ ಮೇಲಿನ ಜಮೀನು ಅವರದ್ದೇ ಆಗಿದ್ದರೂ ಅಲ್ಲಿ ಕಟ್ಟುವುದಕ್ಕೆ ಕರಾವಳಿ ನಿಯಂತ್ರಣ ವಲಯದ, ಅಂದರೆ ಎಲ್ಲರೂ ಸಿಆರ್‌ಝಡ್ ಎನ್ನುವ ಅಧಿಸೂಚನೆಯ ಕಟ್ಟುಪಾಡುಗಳಿವೆ. 1991ರ ಮೊದಲ ಅಧಿಸೂಚನೆ ಮತ್ತು ಅದರ ತಿದ್ದುಪಡಿಗಳಲ್ಲಿಯೇ, ಗ್ರಾಮೀಣ ತೀರದಲ್ಲಿ ರೆಸಾರ್ಟ್ ಕಟ್ಟುವವರು ಜನರು ಕಡಲಿಗೆ ಹೋಗಿ ಬರಲು ಎರಡು ರೆಸಾರ್ಟ್‌ಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂದೂ, ಬೇಲಿ ಹಾಕಿದರೆ ಅದು ಸಾರ್ವಜನಿಕರ ಓಡಾಟಕ್ಕೆ ಯಾವ ರೀತಿಯಲ್ಲಿಯೂ ಅಡ್ಡಿಯಾಗಬಾರದೆಂದೂ ಬರೆಯಲಾಗಿದೆ. 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆಗಳು ಬಂದವು, ಅವುಗಳಲ್ಲಿ ಎರಡನೆಯದು ಕಟ್ಟಡಕ್ಕೂ ಕಡಲಿಗೂ ಇರಬೇಕಾದ ಅಂತರವನ್ನು ಜನಸಾಂದ್ರತೆ ನೋಡಿ ಕೆಲವೆಡೆ 200 ಮೀಟರಿನಿಂದ 50 ಮೀಟರಿಗೆ ಇಳಿಸಿದ್ದು ನಿಜ (ಅದು ಸರಿಯೇ ಎಂಬುದು ಬೇರೆ ಚರ್ಚೆ). ಹಾಗೆಂದು ಮರಳನ್ನು ಯಾರಿಗೂ ಬರೆದುಕೊಟ್ಟಿಲ್ಲ.

ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿದೆ. ಹಿಮಾಚಲದ ಬಿಯಾಸ್ ನದಿಯ ದಂಡೆಯ ಪ್ರವಾಸಿ ಹೋಟೆಲೊಂದು ನದಿಯ ಹರಿವನ್ನೇ ತಿರುಗಿಸಲು ಹೊರಟ ಪ್ರಕರಣದಲ್ಲಿ, 1996ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ, ಕಡಲತೀರ, ಹರಿವ ನೀರು, ಗಾಳಿ, ಕಾಡುಗಳಿಗೆ ಸರ್ಕಾರ ಕೇವಲ ಧರ್ಮದರ್ಶಿಯಿದ್ದಂತೆ, ಫಲಾನುಭವಿಗಳು ಜನರು ಎಂದು ಹೇಳಿತು. ಧರ್ಮದರ್ಶಿಯೇ ದೇವಸ್ಥಾನದ ಅಂಗಳವನ್ನು ಮಾರುವಂತಿಲ್ಲ ಎಂದಮೇಲೆ ಅದರ ಪಕ್ಕದ ಹೋಟೆಲಿನವರು ಮಾರುವ ಪ್ರಶ್ನೆ ಎಲ್ಲಿಂದ ಬಂತು? ಕೇರಳದಲ್ಲಿ ವೇಂಬನಾಡು ಹಿನ್ನೀರಿನ ನೆಡಿಯತುರುತ್ತು ದ್ವೀಪದಲ್ಲಿ ಸಿಆರ್‌ಝಡ್ ಉಲ್ಲಂಘಿಸಿ ಕಟ್ಟಿದ ಐಷಾರಾಮಿ ರೆಸಾರ್ಟನ್ನು ಸುಪ್ರೀಂ ಕೋರ್ಟಿನ 2020ರ ಆದೇಶದಂತೆ 2022ರಿಂದ ಕೆಡವಲಾಯಿತು. ಅಷ್ಟು ದೂರ ಹೋಗಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಗೂಟ ಕಿತ್ತು ಹಗ್ಗ ಸುತ್ತಿಡಿಸಿದರೆ ಸಾಕು.

ಸುರಕ್ಷತೆಯ ವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಾಟಲಿ ಹಿಡಿದು ಬರುವ ಗುಂಪುಗಳು, ಸ್ನಾನಕ್ಕಿಳಿದ ಹೆಂಗಸರ ಕಡೆಗೆ ಮೊಬೈಲು ಹಿಡಿಯುವ ಪುಂಡರು ಎಲ್ಲ ಬೀಚುಗಳಲ್ಲಿಯೂ ಇದ್ದಾರೆ. ಅವರಿಂದ ರಕ್ಷಣೆ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಅದು ಪೊಲೀಸರ ಕೆಲಸ, ಮತ್ತು ಆ ರಕ್ಷಣೆ ಮೀನು ಮಾರುವ ಹೆಂಗಸಿಗೂ ಬೇಕು. ಕಡಲಿನ ಅಪಾಯದ ವಿಷಯದಲ್ಲಂತೂ ಈ ವಾದ ತಲೆಕೆಳಗಾಗುತ್ತದೆ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದದ್ದನ್ನು ನಾವಿನ್ನೂ ಮರೆತಿಲ್ಲ. ನಾನು ಉಳಿದಿದ್ದ ಕಡೆ ಗೂಟದ ಸಾಲುಗಳ ನಡುವೆ ಕೆಂಪು ಬನಿಯನ್ ತೊಟ್ಟ ಜೀವರಕ್ಷಕನಿದ್ದ, ರಬ್ಬರ್ ಟ್ಯೂಬು ಇತ್ತು, ಎಚ್ಚರಿಕೆಯ ಬಾವುಟವಿತ್ತು; ಅಲ್ಲಿಂದ ಕೂಗಳತೆಯಲ್ಲಿ ಊರ ಮಕ್ಕಳು ಆಡುತ್ತಿದ್ದ ನೀರಿನಲ್ಲಿ ಇದ್ಯಾವುದೂ ಇರಲಿಲ್ಲ. ಕೊಲ್ಲೂರು, ಮುರ್ಡೇಶ್ವರದ ದರ್ಶನ ಮುಗಿಸಿ ಟಿಟಿ ವಾಹನಗಳಲ್ಲಿ ಬರುವ ನಮ್ಮ ಹೊಸನಗರ, ಸಾಗರ, ಶಿಕಾರಿಪುರದ ಕುಟುಂಬಗಳು, ಕಡಲನ್ನೇ ಮೊದಲ ಸಲ ನೋಡುವ ಅಜ್ಜಿಯರು, ಇಳಿಯುವುದು ಇಂಥ ಕಾವಲಿಲ್ಲದ ಜಾಗಗಳಲ್ಲಿಯೇ. ಒಳ್ಳೆಯ ಮರಳೆಲ್ಲ ಗೂಟಗಳೊಳಗೆ ಸೇರಿದಂತೆ ಅವರಿಗೆ ಉಳಿಯುವುದು ಬಂಡೆಯ ಬುಡ ಮತ್ತು ಅಳಿವೆಯ ಸೆಳೆತ. ಖಾಸಗಿಯಾಗದೆ ಬೀಚು ಶುಚಿಯಾಗಿರಲಾರದು ಎನ್ನುವವರು ಹೊನ್ನಾವರದ ಹತ್ತಿರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿಗೆ ಹೋಗಿ ನೋಡಲಿ. 2020ರಲ್ಲಿ, ಶುಚಿತ್ವ ಮತ್ತು ಸುರಕ್ಷತೆ ನೋಡಿ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಆ ಎರಡೂ ಸರ್ಕಾರಿ ಬೀಚುಗಳೇ.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಸಿಆರ್‌ಝಡ್ ಜಾರಿಯ ಮೇಲೆ ಕಣ್ಣಿಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿಗಳಿರಬೇಕು, ಅವುಗಳಲ್ಲಿ ಮೀನುಗಾರರೂ ಸೇರಿದಂತೆ ತೀರದ ಸಾಂಪ್ರದಾಯಿಕ ಸಮುದಾಯಗಳ ಪ್ರತಿನಿಧಿಗಳಿರಬೇಕು ಎಂದು ಅಧಿಸೂಚನೆಯೇ ಹೇಳುತ್ತದೆ. ಉಡುಪಿ ಮತ್ತು ಉತ್ತರ ಕನ್ನಡದ ಜಿಲ್ಲಾಡಳಿತಗಳು ರೆಸಾರ್ಟ್‌ಗಳ ಪಕ್ಕದ ಸಾರ್ವಜನಿಕ ದಾರಿಗಳನ್ನು ಗುರುತಿಸಿ, ‘ಸಮುದ್ರಕ್ಕೆ ಹೋಗುವ ದಾರಿ’ ಎಂದು ಕನ್ನಡದಲ್ಲಿ ಫಲಕ ನೆಡಿಸಲಿ. ತಮ್ಮ ಪತ್ರಿಕೆಯನ್ನೂ ಸೇರಿಸಿ ಎಲ್ಲ ಪತ್ರಿಕೆಗಳಲ್ಲಿ ನನ್ನದೊಂದು ಬಿನ್ನಹವಿದೆ: ಇನ್ನೊಬ್ಬರ ಜಮೀನನ್ನು ತನ್ನದೆಂದು ಮಾರಾಟಕ್ಕಿಡುವ ಜಾಹೀರಾತನ್ನು ತಾವು ಅಚ್ಚು ಹಾಕುವುದಿಲ್ಲ, ಖಾಸಗಿ ಬೀಚಿನ ಜಾಹೀರಾತನ್ನೂ ಅದೇ ಕಣ್ಣಿನಿಂದ ನೋಡಬೇಕು.

ಘಟ್ಟದ ಮೇಲಿನವನಿಗೆ ಕಡಲಿನ ಚಿಂತೆ ಏಕೆ ಎಂದು ಕೇಳುವವರಿಗೆ ಶರಾವತಿ ಹಿನ್ನೀರನ್ನು ತೋರಿಸುತ್ತೇನೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು ತುಮರಿ ಸೀಮೆಯ ಜನರ ದಶಕಗಳ ಬೇಡಿಕೆ. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಗಾಗಿ ಬೆಳಗಿನವರೆಗೆ ಕಾಯಬೇಕಾಗಿದ್ದವರಿಗೆ ಅದರ ಬೆಲೆ ಗೊತ್ತು. ಆದರೆ ಸೇತುವೆಯ ಹಿಂದೆಯೇ ನೀರಂಚಿನ ಜಮೀನಿಗೆ ಗಿರಾಕಿಗಳೂ ಬರುತ್ತಿದ್ದಾರೆ, ‘ಖಾಸಗಿ ಲೇಕ್ ವ್ಯೂ’ ಎಂಬ ಫಲಕಗಳೂ ಕಾಣುತ್ತಿವೆ. ಹೊನ್ನೇಮರಡಿನ ಕಡೆಯಿರಲಿ, ಹೊಸನಗರ ತಾಲ್ಲೂಕಿನ ಮಾಣಿ ಹಿನ್ನೀರಿರಲಿ, ಲಕ್ಕವಳ್ಳಿಯ ಭದ್ರಾ ಹಿನ್ನೀರಿರಲಿ, ಸ್ಪಾ ಕಟ್ಟುವವರು ನಾಳೆ ಇಲ್ಲಿಗೂ ಬರುತ್ತಾರೆ, ಬರಲಿ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ನಾಡಿಗೆ ಬೆಳಕು ಕೊಡಲೆಂದು ಗದ್ದೆ, ತೋಟ, ಮನೆ ಬಿಟ್ಟು ಎದ್ದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ ಇಂದಿಗೂ ಹಕ್ಕುಪತ್ರ ಸಿಕ್ಕಿಲ್ಲ. ತಮ್ಮದೇ ಮುಳುಗಿದ ಊರಿನ ಮೇಲೆ ನಿಂತ ನೀರಿಗೆ ದನ ಹೊಡೆದುಕೊಂಡು ಹೋಗಲು ಅವರ ಮಕ್ಕಳು ಸೆಕ್ಯುರಿಟಿಯವನ ಅಪ್ಪಣೆ ಕೇಳುವ ಸ್ಥಿತಿ ಬಂದರೆ ಅದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ.

ಇಲ್ಲಿ ಅಳತೆ ಕಡಲಿಗಿಂತ ಸುಲಭ. ಕಡಲಿಗೆ ಉಬ್ಬರದ ಗೆರೆಯನ್ನು ತಜ್ಞರು ಹುಡುಕಿ ಎಳೆಯಬೇಕು. ಲಿಂಗನಮಕ್ಕಿಗೆ 1819 ಅಡಿಯ ಪೂರ್ಣ ಮಟ್ಟ ಎಂಬ ಗೆರೆ ಮೊದಲೇ ಇದೆ, ಗ್ರಾಮ ನಕಾಶೆಗಳಲ್ಲಿ ನೀರಿಗಿಳಿಯುವ ಬಂಡಿದಾರಿ, ಕಾಲುದಾರಿಗಳೂ ಇವೆ. ಶಿವಮೊಗ್ಗ ಜಿಲ್ಲಾಡಳಿತವು ಸರ್ವೆ ಇಲಾಖೆಯಿಂದ ಆ ಗೆರೆಗೆ ಕಲ್ಲು ಹಾಕಿಸಿ, ನಕಾಶೆಯ ದಾರಿಗಳನ್ನು ಸ್ಥಳದಲ್ಲಿ ಗುರುತಿಸಬೇಕು; ಆ ದಾರಿಗಳನ್ನು ತೆರೆದಿಡುವ ಷರತ್ತಿಲ್ಲದೆ ನೀರಂಚಿನ ಯಾವ ರೆಸಾರ್ಟಿಗೂ ಭೂಪರಿವರ್ತನೆ ಕೊಡಬಾರದು. ನೀರು ಇಳಿದು ಹಳೆಯ ದಾರಿಗಳ ಜಾಡು ಕಾಣುವುದು ಬೇಸಿಗೆಯಲ್ಲಿ ಮಾತ್ರ, ಆದ್ದರಿಂದ ಈ ಸರ್ವೆ ಮಳೆ ಹಿಡಿಯುವುದರೊಳಗೆ ಮುಗಿಯಬೇಕು.

— ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು