ಎರಡು ಕೊಡ ನೀರಿನ ಲೆಕ್ಕ

ಡೆಂಕಣಿಕೋಟೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಹೊಗೆನಕಲ್ಲಿನ ಬರಹವನ್ನು ಎರಡು ಸಲ ಓದಿದೆ. ಮೊದಲ ಪುಟದಲ್ಲೇ ‘ರುದ್ರರಮಣೀಯ’ ಮೂರು ಸಲ ಬಂದಿದೆ. ಬೈಯುವುದಿಲ್ಲ ಬಿಡು. ನಿನ್ನ ವಯಸ್ಸಿನಲ್ಲಿ ನಾನೂ ಅದೇ ಜಲಪಾತದ ಮೇಲೆ ಎಂಟು ಪುಟ ಬರೆದು ಅಮ್ಮನಿಗೆ ಓದಿ ಹೇಳಿದ್ದೆ. ಅಮ್ಮ ರಾಗಿ ಕೇರುತ್ತಾ ಪೂರ್ತಿ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ ಮಾತು: ‘ಅಲ್ಲಿ ಕಾಲಿಡೋ ಜಾಗ ಜಾರುತ್ತಾ?’ ಎಂಟು ಪುಟದಲ್ಲಿ ಅದು ಎಲ್ಲೂ ಇರಲಿಲ್ಲ.

ಆ ಜಾಗಕ್ಕೆ ಹೆಸರಿಟ್ಟವರನ್ನು ನೋಡು. ಹೊಗೆ, ಕಲ್ಲು. ಬಂಡೆಗೆ ಬಿದ್ದು ಏಳುವ ತುಂತುರು ಹೊಗೆಯ ಹಾಗೆ ಕಂಡಿತು, ಹಾಗೇ ಹೇಳಿದರು. ನೀರು ಅನ್ನುವ ಮಾತನ್ನೂ ಸೇರಿಸಲಿಲ್ಲ. ಧರ್ಮಪುರಿ ಜಿಲ್ಲೆಯಲ್ಲಿ ತಮಿಳು ಬಿಟ್ಟು ಬೇರೇನೂ ಬಾರದವರ ಬಾಯಲ್ಲೂ ಇವತ್ತಿಗೂ ಆ ಕನ್ನಡ ಮಾತೇ ಇದೆ.

ನಿನ್ನ ನಾಲ್ಕನೇ ಪುಟದಲ್ಲಿ ಒಂದು ಕಡೆ ನಾನು ನಿಂತುಬಿಟ್ಟೆ. ಹರಿಗೋಲು ಎರಡು ಬಂಡೆಗಳ ನಡುವೆ ನುಗ್ಗುತ್ತದೆ. ಅಂಬಿಗ ಹುಟ್ಟು ಊರಿ ಗಿರ್ರನೆ ತಿರುಗಿಸುತ್ತಾನೆ. ಅಂಚೆಟ್ಟಿಯಿಂದ ಬಸ್ಸಿನಲ್ಲಿ ಬಾಯಿ ಮುಚ್ಚದೆ ಬಂದ ನಿನ್ನ ಅಜ್ಜಿ ಗಪ್‌ಚುಪ್ಪಾಗಿ, ದುಡ್ಡು ಕಟ್ಟಿದ್ದ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಾಳೆ. ನನ್ನ ಮೈ ಜುಮ್ಮೆಂದಿತು. ಮುಂದಿನ ಸಾಲಿನಲ್ಲೇ ನೀನು ‘ಪ್ರಕೃತಿಯ ಮುಂದೆ ಮಾನವ ಎಷ್ಟು ಅಲ್ಪ’ ಅಂತ ಬರೆದು ಅಜ್ಜಿಯನ್ನು ಹರಿಗೋಲಿನಿಂದ ಇಳಿಸಿಬಿಟ್ಟೆ. ಆ ಸಾಲು ಹೊಡೆದುಹಾಕು. ಗಂಟಿನಲ್ಲಿ ಎಷ್ಟು ದುಡ್ಡಿತ್ತು ಅಂತ ಅಜ್ಜಿಯನ್ನೇ ಕೇಳಿ ಬರೆ.

ದಡದಲ್ಲಿ ಎಣ್ಣೆ ಮಸಾಜ್ ಮಾಡುವವರು, ಮೀನು ಹುರಿಯುವ ಹೆಂಗಸರು, ಇವರನ್ನೆಲ್ಲ ‘ಗಲಾಟೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿದ್ದೀಯ. ಅವರನ್ನು ತೆಗೆದರೆ ಉಳಿಯುವುದು ಕ್ಯಾಲೆಂಡರಿನ ಜಲಪಾತ. ಹರಿಗೋಲನ್ನು ತಲೆ ಮೇಲೆ ಬೋರಲು ಹೊತ್ತು ನಡೆಯುವವನನ್ನು ಹಿಂದಿನಿಂದ ನೋಡಿದ್ದೀಯಾ? ಟಾರು ಬಳಿದ ದೊಡ್ಡ ಬುಟ್ಟಿಗೆ ಎರಡು ಕಾಲು.

ಇನ್ನೊಂದು. ಲೆಕ್ಕ ಬಂದರೆ ಬೆರಗು ಕೆಡುತ್ತದೆ ಅಂತಲೋ ಏನೋ, ಅಂಕಿಯ ಹತ್ತಿರವೇ ಹೋಗಿಲ್ಲ ನೀನು. ಕಾವೇರಿ ಜಗಳದ ಸುದ್ದಿಯಲ್ಲೆಲ್ಲ ಬರುವ ಬಿಳಿಗುಂಡ್ಲು ಅಲ್ಲೇ ಸ್ವಲ್ಪ ಮೇಲಕ್ಕಿದೆ. ನೀರು ಅಳೆಯುವ ಜಾಗ. ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ಅಲ್ಲಿಗೆ ಮುಟ್ಟಿಸಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸುಮ್ನೆ ಆ ಅಂಕಿ ಓದಿದರೆ ನನಗೂ ಏನೂ ಅನ್ನಿಸುವುದಿಲ್ಲ. ಆದರೆ ಹೊಳೆಯ ಹರಿವನ್ನು ಅಳೆಯುವುದು ಕ್ಯೂಸೆಕ್ ಲೆಕ್ಕದಲ್ಲಿ; ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ನಮ್ಮ ಪ್ಲಾಸ್ಟಿಕ್ ಕೊಡದ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ಕೊಡ. 10,000 ಕ್ಯೂಸೆಕ್ ಬಂದ ದಿನ ನೀನು ‘ಒಂದು’ ಅಂತ ಎಣಿಸುವಷ್ಟರಲ್ಲಿ 20,000 ಕೊಡ ನೀರು ಮುಂದೆ ಹೋಗಿರುತ್ತದೆ. ನಮ್ಮ ಬೀದಿಯಲ್ಲಿ ಎರಡು ಕೊಡಕ್ಕೆ ಜುಟ್ಟು ಹಿಡಿದು ಜಗಳ ಆಡಿದ್ದನ್ನು ನೀನೂ ನೋಡಿದ್ದೀಯ, ಅಲ್ವಾ?

ನನ್ನ ಹಲ್ಲಿನ ಕಂದು ಕಲೆ ನೋಡಿ ‘ಬೀಡಿ ಸೇದ್ತೀರಾ ಮೇಷ್ಟ್ರೇ’ ಅಂತ ನೀನು ಒಮ್ಮೆ ಕೇಳಿದ್ದೆ. ಅದು ಚಿಕ್ಕಂದಿನಲ್ಲಿ ಕುಡಿದ ಬಾವಿ ನೀರಿನದು. ಕೃಷ್ಣಗಿರಿ, ಧರ್ಮಪುರಿ ಕಡೆಯ ನೆಲದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದಕ್ಕೇ ಹೊಗೆನಕಲ್ಲಿನಿಂದ ಕುಡಿಯುವ ನೀರು ತರುವ ಯೋಜನೆ ಮಾಡಿ 2013ರಲ್ಲಿ ಶುರು ಮಾಡಿದರು. ನಿನ್ನ ಅಜ್ಜಿ ಹೆದರಿ ಗಂಟು ಹಿಡಿದುಕೊಂಡ ಅದೇ ಹೊಳೆ, ಪೈಪಿನಲ್ಲಿ ಗುಡ್ಡ ಹತ್ತಿ ನಿನ್ನ ಅಡುಗೆಮನೆಗೆ ಬಂದು ಬಿದ್ದಿದೆ. ಇದು ನಿನ್ನ ಬರಹದಲ್ಲಿ ಯಾಕಿಲ್ಲ?

ತಿದ್ದಿದ್ದನ್ನು ಭಾನುವಾರ ತೆಗೆದುಕೊಂಡು ಬಾ. ಇನ್ನೂ ಒಂದೆರಡು ಮಾತಿತ್ತು, ಆದರೆ ನಲ್ಲಿ ಬುಸ್ ಅನ್ನುತ್ತಿದೆ. ಕೊಡ ಇಡಬೇಕು.

ನಿನ್ನ
ಮೇಷ್ಟ್ರು