ದಾಸವಾಳವೋ, ಬೋಗನ್‌ವಿಲ್ಲಾವೋ?

ಪ್ರೀತಿಯ ಗೆಳೆಯಾ,

ತಾರಸಿ ಮೇಲೆ ದಾಸವಾಳ ಇಡಲಾ, ಬೋಗನ್‌ವಿಲ್ಲಾ ಇಡಲಾ ಅಂತ ಕೇಳಿದ್ದೀಯ. ಎರಡಕ್ಕೂ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಎರಡೂ ಹೊಸ ಚಿಗುರಿನಲ್ಲೇ ಹೂ ಬಿಡುತ್ತವೆ, ಹಾಗಾಗಿ ಆಗಾಗ ಸವರುತ್ತಿರಬೇಕು. ಹೊಂದಾಣಿಕೆ ಅಷ್ಟಕ್ಕೇ ಮುಗಿಯಿತು. ನೀರಿನ ವಿಷಯದಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ.

ಬೋಗನ್‌ವಿಲ್ಲಾಗೆ ನೀರು ಜಾಸ್ತಿಯಾದರೆ ಸೊಂಪಾಗಿ ಎಲೆ ಬಿಟ್ಟುಕೊಂಡು ಹಾಯಾಗಿರುತ್ತದೆ, ಹೂ ಮಾತ್ರ ಇಲ್ಲ. ಯೂರಿಯಾ ಹಾಕಿದರೂ ಅದೇ ಕತೆ. ಮೇಲಿನ ಮಣ್ಣು ಚೆನ್ನಾಗಿ ಒಣಗಲಿ, ಎಲೆ ಕೊಂಚ ಜೋಲು ಬೀಳಲಿ. ಆಗ ಕುಂಡದ ತಳದಿಂದ ಹರಿಯುವಷ್ಟು ನೀರು ಕೊಟ್ಟು ಮತ್ತೆ ಒಣಗಲು ಬಿಡು. ಸ್ವಲ್ಪ ಸತಾಯಿಸಿದರೇನೇ ಅದಕ್ಕೆ ಬಣ್ಣ ಬರೋದು. ದೊಡ್ಡ ಕುಂಡಕ್ಕೆ ಬದಲಾಯಿಸುವ ಆತುರವೂ ಬೇಡ. ಬೇರು ಇಕ್ಕಟ್ಟಾದರೂ ಚೆನ್ನಾಗಿಯೇ ಹೂ ಬಿಡುತ್ತದೆ. ಆ ಬೇರು ಬಹಳ ನಾಜೂಕು, ಸುತ್ತಲಿನ ಮಣ್ಣಿನ ಹೆಂಟೆ ಒಡೆದರೆ ಗಿಡ ಕೊರಗುತ್ತದೆ.

ಎಲ್ಲಾದರೂ ಸಿಕ್ಕರೆ ಒಂದು ಗೊಂಚಲು ಹಿಡಿದು ನೋಡು. ನಾವು ದಳ ಅಂದುಕೊಳ್ಳುವುದು ಬಣ್ಣ ಬಂದ ಎಲೆ. ಮೂರು ಎಲೆ ಒಟ್ಟಿಗೆ, ಒಂದೊಂದರ ನಡುನರಕ್ಕೂ ಅಂಟಿಕೊಂಡು ಒಂದೊಂದು ಸಣ್ಣ ಬಿಳಿ ಕೊಳವೆ. ನಿಜವಾದ ಹೂ ಅದು. ಎಲೆಯಾಗಿರುವುದಕ್ಕೇ ಬಣ್ಣ ವಾರಗಟ್ಟಲೆ ನಿಲ್ಲುವುದು. ಅಂದಹಾಗೆ, 1767ರಲ್ಲಿ ಬ್ರೆಜಿಲ್‌ನಲ್ಲಿ ಈ ಗಿಡದ ಮಾದರಿ ಸಂಗ್ರಹಿಸಿದ್ದು ಸಸ್ಯತಜ್ಞ ಕಾಮರ್ಸನ್. ಅವನ ಸಹಾಯಕ್ಕೆ ಗಂಡಿನ ವೇಷದಲ್ಲಿ ಹಡಗು ಹತ್ತಿದ್ದ ಝಾನ್ ಬಾರೆ ಇದ್ದಳು. ಗಿಡಕ್ಕೆ ಹೆಸರು ಬಂದದ್ದು ಮಾತ್ರ ಹಡಗಿನ ನಾಯಕ ಬೋಗನ್‌ವಿಲ್‌ನದು!

ದಾಸವಾಳದ ಹತ್ತಿರ ಈ ಸತಾಯಿಸುವ ಆಟ ನಡೆಯುವುದಿಲ್ಲ. ಬೇಸಿಗೆಯಲ್ಲಿ ಕುಂಡ ಪೂರ್ತಿ ಒಣಗಿತೋ, ಅರಳಬೇಕಾದ ಮೊಗ್ಗು ಹಳದಿಯಾಗಿ ಉದುರುತ್ತದೆ. ಹಾಗಂತ ನೀರು ನಿಲ್ಲಲೂಬಾರದು, ಬೇರು ಕೊಳೆಯುತ್ತದೆ. ಒಂದು ಹೂವಿನ ಆಯಸ್ಸು ಸಾಮಾನ್ಯವಾಗಿ ಒಂದೇ ದಿನ, ಆದ್ದರಿಂದ ಗಿಡ ಸದಾ ಮೊಗ್ಗು ಕಟ್ಟುತ್ತಲೇ ಇರಬೇಕು. ಅದಕ್ಕೇ ಇಷ್ಟು ಹಸಿವು. ಗೊಬ್ಬರ ಸ್ವಲ್ಪ ಸ್ವಲ್ಪವಾಗಿ, ಆಗಾಗ ಕೊಡು. ಪೊಟ್ಯಾಷ್ ಇರಲಿ, ರಂಜಕ ಜಾಸ್ತಿ ಇರೋದು ಇದಕ್ಕೆ ಒಗ್ಗುವುದಿಲ್ಲ.

ಇದರ ದೊಡ್ಡ ಕಾಟ ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಅದರ ಹಿಂದೆಯೇ ತುದಿವರೆಗೆ ಹೋಗಿ ನೋಡು. ಚಿಗುರು ಮುರುಟಿ, ಸಂದಿಯಲ್ಲಿ ಬಿಳಿ ಪುಡಿ ಮೆತ್ತಿರುತ್ತದೆ. ತಿಗಣೆ ಒಸರುವ ಸಿಹಿ ಅಂಟಿಗೆ ಬರುವ ಇರುವೆಗಳು ತಿಗಣೆಗೇ ಕಾವಲು ನಿಲ್ಲುತ್ತವೆ. ಮುರುಟಿದ ತುದಿ ಕತ್ತರಿಸಿ ದೂರ ಎಸೆ. ಉಳಿದ ಕಡೆ ಜೋರಾಗಿ ನೀರು ಹಾಯಿಸಿ, ಸಂಜೆ ಸೋಪಿನ ನೀರಿಗೆ ಬೇವಿನ ಎಣ್ಣೆ ಕಲಸಿ ಸಿಂಪಡಿಸು. ಎಲೆಯ ಅಡಿಗೂ ಬೀಳಬೇಕು. ಒಂದೇ ಸಲಕ್ಕೆ ಹೋಗುವ ಜಾತಿಯಲ್ಲ, ವಾರಕ್ಕೊಮ್ಮೆ ಬಿಡದೆ ಮಾಡು.

ಇಷ್ಟೆಲ್ಲ ಇದ್ದರೂ ನಿನಗೆ ದಾಸವಾಳವೇ ಸರಿ. ಚೊಂಬು ಕೈಗೆ ಸಿಕ್ಕರೆ ಕಂಡ ಗಿಡಕ್ಕೆಲ್ಲ ನೀರು ಹುಯ್ಯುವವನು ನೀನು, ಅಲ್ವಾ? ಬೋಗನ್‌ವಿಲ್ಲಾ ನಿನ್ನ ಕೈಯಲ್ಲಿ ಬರೀ ಹಸಿರು ಪೊದೆಯಾಗುತ್ತದೆ. ಎರಡೂ ಬೇಕೇ ಬೇಕು ಅಂದರೆ ಒಂದೊಂದನ್ನು ಒಂದೊಂದು ಮೂಲೆಗೆ ಇಡು. ಅಕ್ಕಪಕ್ಕ ಇಟ್ಟರೆ ದಾಸವಾಳಕ್ಕೆ ಹಿಡಿದ ಪೈಪು ಸುಮ್ನೆ ಪಕ್ಕಕ್ಕೂ ತಿರುಗುತ್ತದೆ. ಬೋಗನ್‌ವಿಲ್ಲಾದ ಮುಳ್ಳು ಚೂಪು, ಓಡಾಡುವ ದಾರಿಯಲ್ಲಿ ಬೇಡ. ಸವರುವಾಗ ದಪ್ಪ ಗ್ಲೌಸ್ ಹಾಕಿಕೋ.

ನಿನ್ನ ಗೆಳೆಯ